ಕಾಲು ಕತ್ತರಿಸೋದೊಂದೇ ದಾರಿಯಾ?

ಇವತ್ತು ರಾಜಕೀಯ ಇಲ್ಲ. ಯಾರು ಯಾರಿಗೆ ಬೈದರು, ಯಾರು ದೆಹಲಿಗೆ ಹೋದರು, ಯಾರು ಬರಿಗೈಲಿ ವಾಪಸ್ ಬಂದರು, ಅದೆಲ್ಲ ನಾಳೆಯೂ ಇರುತ್ತೆ, ನಾಡಿದ್ದೂ ಇರುತ್ತೆ. ಇವತ್ತು ಒಂದು ಕಾಲಿನ ಬಗ್ಗೆ ಮಾತಾಡ್ತೀನಿ. ಹೌದು, ಮನುಷ್ಯನ ಕಾಲು. ನಾವು ಮುಖ ನೋಡ್ಕೊಳ್ತೀವಿ, ತಲೆಗೂದಲು ನೋಡ್ಕೊಳ್ತೀವಿ, ಆದರೆ ಅಂಗಾಲು ನೋಡ್ಕೊಂಡು ಎಷ್ಟು ದಿನ ಆಯ್ತು ಹೇಳಿ?

ಭಟ್ಕಳ ಪೇಟೆಗೆ ಅಂಟಿಕೊಂಡ ಹಾಗೆ, ಕಡಲ ಬದಿಗೆ, ಜಾಲಿ ಅಂತ ಒಂದು ಊರಿದೆ. ಚಂದದ ಕಡಲ ತೀರ. ದೋಣಿಗೆ ಹೋಗುವವರೂ ಇದ್ದಾರೆ, ಗಲ್ಫ್‌ನಲ್ಲಿ ದುಡಿಯುವವರ ಮನೆಗಳೂ ಇವೆ. ಅಲ್ಲಿಂದ ನಮ್ಮ ವೀಕ್ಷಕರೊಬ್ಬರು ಒಂದು ಪ್ರಶ್ನೆ ಕಳಿಸಿದರು. ಅವರ ಹೆಸರು ಹೇಳೋದಿಲ್ಲ. ಆಸ್ಪತ್ರೆ ಯಾವುದು ಅಂತಲೂ ಹೇಳೋದಿಲ್ಲ, ಅದು ಮುಖ್ಯವೂ ಅಲ್ಲ. ಪ್ರಶ್ನೆ ಇಷ್ಟು. "ಸರ್, ನಮ್ಮಣ್ಣನ ಹಿಮ್ಮಡಿಯಲ್ಲಿ ಒಂದು ಕಪ್ಪು ಗಾಯ ಇತ್ತು. ಆಣಿ ಅಂದ್ಕೊಂಡು ಬಿಟ್ಟಿದ್ವಿ. ಈಗ ಚರ್ಮದ ಕ್ಯಾನ್ಸರ್ ಅಂತಿದ್ದಾರೆ. ಮೊಣಕಾಲಿನ ತನಕ ಸಣ್ಣ ಸಣ್ಣ ಕಪ್ಪು ಗಂಟು ಎದ್ದಿದೆ. ಕಾಲು ತೆಗೀಬೇಕಾಗಬಹುದು ಅಂತಾರೆ. ಹೊರದೇಶದಲ್ಲಿ ಬರೀ ಕಾಲಿಗೆ ಮಾತ್ರ ಕಿಮೋ ಕೊಡ್ತಾರಂತೆ, ಹೌದಾ? ಕಾಲು ತೆಗೆದ್ರೆ ಅವ ದೋಣಿ ಹತ್ತೂದು ಹೇಗೆ?"

ಈ ಪ್ರಶ್ನೆಯ ಕೊನೆಯ ಸಾಲು ನೋಡಿ. ಜೀವ ಉಳಿಯುತ್ತಾ ಅಂತ ಕೇಳಲಿಲ್ಲ. ದೋಣಿ ಹತ್ತೋದು ಹೇಗೆ ಅಂತ ಕೇಳಿದರು. ಕೈಕಾಲು ನಂಬಿ ಬದುಕುವವನಿಗೆ ಕಾಲು ಅಂದ್ರೆ ಅಂಗ ಅಷ್ಟೇ ಅಲ್ಲ, ಅದು ಅವನ ಅಂಗಡಿ, ಅವನ ಆಫೀಸು, ಅವನ ಪಿಂಚಣಿ. ಹಾಗಾಗಿ ಈ ಪ್ರಶ್ನೆಗೆ ಅರ್ಧಂಬರ್ಧ ಉತ್ತರ ಕೊಡೋ ಹಾಗಿಲ್ಲ. ನಾನು ಡಾಕ್ಟರ್ ಅಲ್ಲ. ಆದರೆ ಕೇಳಬೇಕಾದ್ದನ್ನ ಕೇಳಿ, ಓದಬೇಕಾದ್ದನ್ನ ಓದಿ, ನಿಮಗೆ ಅರ್ಥವಾಗೋ ಹಾಗೆ ಹೇಳೋದು ನನ್ನ ಕೆಲಸ.

ಮೊದಲು ಕಾಯಿಲೆ. ಇದರ ಹೆಸರು ಮೆಲನೋಮಾ. ನಮ್ಮ ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳಿವೆಯಲ್ಲ, ಅವೇ ಹದ ತಪ್ಪಿ ಬೆಳೆಯೋದು. ಚರ್ಮದ ಕ್ಯಾನ್ಸರ್‌ಗಳಲ್ಲಿ ಅತ್ಯಂತ ಅಪಾಯಕಾರಿ ಅಂದ್ರೆ ಇದೇ. ಬಿಳಿ ಚರ್ಮದವರಲ್ಲಿ, ಅದರಲ್ಲೂ ಆಸ್ಟ್ರೇಲಿಯಾದಂಥ ಬಿಸಿಲಿನ ದೇಶದಲ್ಲಿ ಇದು ತುಂಬಾ ಸಾಮಾನ್ಯ. ನಮ್ಮಲ್ಲಿ ಅಪರೂಪ. ನಮ್ಮ ಕಂದು ಚರ್ಮವೇ ಒಂದು ಕೊಡೆ.

ಆದರೆ ಆ ಕೊಡೆಯ ಕೆಳಗೆ ಒಂದು ತೂತಿದೆ. ನಮ್ಮವರಿಗೆ ಮೆಲನೋಮಾ ಬಂದಾಗ ಅದು ಬೆನ್ನಿಗೆ, ಮುಖಕ್ಕೆ ಬರೋದಕ್ಕಿಂತ ಹೆಚ್ಚಾಗಿ ಅಂಗಾಲಿಗೆ, ಹಿಮ್ಮಡಿಗೆ, ಅಂಗೈಗೆ, ಉಗುರಿನ ಅಡಿಗೆ ಬರುತ್ತೆ. ಬಿಸಿಲಿಗೂ ಇದಕ್ಕೂ ಸಂಬಂಧ ಕಡಿಮೆ. ಬಿಸಿಲೇ ಬೀಳದ ಜಾಗ ಅದು! ಹಾಗಾಗಿ "ನಾನು ಕಪ್ಪಗಿದ್ದೀನಿ, ನನಗೆ ಚರ್ಮದ ಕ್ಯಾನ್ಸರ್ ಬರೋಲ್ಲ" ಅನ್ನೋ ಮಾತು ಅಂಗಾಲಿಗೆ ಅನ್ವಯಿಸೋದಿಲ್ಲ.

ಬಾಬ್ ಮಾರ್ಲೆ ಗೊತ್ತಲ್ಲ? ಜಮೈಕಾದ ಹಾಡುಗಾರ. ನಿಮ್ಮ ಮನೆಯ ಹುಡುಗರ ಟೀ ಶರ್ಟ್ ಮೇಲೆ ಜಟೆ ಬಿಟ್ಕೊಂಡು ನಗ್ತಿರ್ತಾನಲ್ಲ, ಅವನೇ. 1977ರಲ್ಲಿ ಅವನ ಕಾಲಿನ ಹೆಬ್ಬೆರಳ ಉಗುರಿನ ಕೆಳಗೆ ಇದೇ ಕಾಯಿಲೆ ಪತ್ತೆಯಾಯ್ತು. ಫುಟ್‌ಬಾಲ್ ಆಡುವಾಗ ಆದ ಗಾಯ ಅಂತ ಅಂದ್ಕೊಂಡಿದ್ದರು. ಬೆರಳು ತೆಗೆಸೋಕೆ ಆತ ಒಪ್ಪಲಿಲ್ಲ. 1981ರ ಮೇ 11ಕ್ಕೆ ತೀರಿಕೊಂಡ. ವಯಸ್ಸು 36.

ಜಗತ್ತೇ ನೋಡ್ತಿದ್ದ ಮನುಷ್ಯನ ಕಥೆಯೇ ಹೀಗಾದ್ರೆ, ಬರಿಗಾಲಲ್ಲಿ ಗದ್ದೆಗಿಳಿಯುವವರ, ಬಲೆ ಎಳೆಯುವವರ ಅಂಗಾಲನ್ನ ಯಾರು ನೋಡ್ತಾರೆ? ಮೊದಲು ಆಣಿ ಅಂತಾರೆ. ಆಮೇಲೆ ಮುಳ್ಳು ಚುಚ್ಚಿ ಒಳಗೇ ಉಳಿದಿದೆ ಅಂತಾರೆ. ಉಗುರಿನಲ್ಲಾದರೆ ಉಗುರುಸುತ್ತು. ಬ್ಲೇಡಿನಲ್ಲಿ ಕೆತ್ತುತ್ತಾರೆ. ಸೊಪ್ಪು ಅರೆದು ಕಟ್ಟುತ್ತಾರೆ. ಸಕ್ಕರೆ ಕಾಯಿಲೆ ಇದ್ದರಂತೂ ಮುಗಿದೇ ಹೋಯ್ತು, "ಶುಗರ್ ಗಾಯ, ಮಾಯೋದಿಲ್ಲ" ಅಂತ ತೀರ್ಮಾನ. ಹೀಗೆ ವರ್ಷ ಉರುಳುತ್ತೆ. ನೋವಿಲ್ಲ, ಅದಕ್ಕೇ ಯಾರೂ ಹೆದರೋದಿಲ್ಲ. ಈ ಕಾಯಿಲೆಯ ಅತಿ ದೊಡ್ಡ ಮೋಸವೇ ಅದು, ಶುರುವಿನಲ್ಲಿ ನೋಯಿಸೋದಿಲ್ಲ.

ಈಗ ಆ ಗಂಟುಗಳ ವಿಷಯಕ್ಕೆ ಬರೋಣ. ಹಿಮ್ಮಡಿಯಲ್ಲಿ ಶುರುವಾದದ್ದು ಮೊಣಕಾಲಿನ ತನಕ ಯಾಕೆ ಬಂತು? ನಮ್ಮ ಮೈಯಲ್ಲಿ ರಕ್ತನಾಳಗಳ ಜೊತೆ ಇನ್ನೊಂದು ಸಣ್ಣ ಕಾಲುವೆಗಳ ಜಾಲವಿದೆ, ದುಗ್ಧನಾಳ ಅಂತಾರೆ. ಪಾದದ ದುಗ್ಧನಾಳಗಳೆಲ್ಲ ಮೇಲೆ ಹರಿದು ಮುಖ್ಯವಾಗಿ ತೊಡೆಸಂದಿನ ಗ್ರಂಥಿಗಳಿಗೆ ಸೇರುತ್ತವೆ. ಕ್ಯಾನ್ಸರ್ ಕೋಶಗಳು ಈ ಕಾಲುವೆ ಹಿಡಿದು ಹೊರಡ್ತವೆ. ಕೆಲವು ದಾರಿಯಲ್ಲೇ ಇಳಿದು ಅಲ್ಲಲ್ಲಿ ಬೀಡು ಬಿಡ್ತವೆ. ಹಾಗೆ ಬೀಡು ಬಿಟ್ಟದ್ದೇ ಆ ಕಪ್ಪು ಗಂಟುಗಳು. ಒಂದಲ್ಲ, ಎರಡಲ್ಲ, ಕೆಲವರಿಗೆ ಹತ್ತಾರು. ಒಂದನ್ನು ಕತ್ತರಿಸಿದರೆ ಪಕ್ಕದಲ್ಲಿ ಮತ್ತೆರಡು ಏಳ್ತವೆ. ಮೈಯ ಬೇರೆ ಕಡೆ ಏನೂ ಇಲ್ಲ, ಕಾಲಿನ ತುಂಬಾ ಮಾತ್ರ ಇದೆ. ಇಂಥ ಸ್ಥಿತಿಯಲ್ಲಿ ಹಿಂದಿನ ಕಾಲದ ಡಾಕ್ಟರುಗಳು ಏನು ಮಾಡಬೇಕಿತ್ತು? ಕಾಲನ್ನೇ ತೆಗೀತಿದ್ದರು. ಅವರು ಕಟುಕರಲ್ಲ ಸ್ವಾಮಿ, ಅವರ ಹತ್ತಿರ ಬೇರೆ ದಾರಿ ಇರಲಿಲ್ಲ.

ಕಿಮೋ ಕೊಡಬಹುದಿತ್ತಲ್ಲ ಅಂತೀರಾ? ಅಲ್ಲೇ ಇರೋದು ಸಮಸ್ಯೆ. ಕಿಮೋ ಅಂದರೆ ವಿಷ. ಆ ಮಾತು ಹೇಳೋಕೆ ಹೆದರಬೇಕಾಗಿಲ್ಲ. ರಕ್ತಕ್ಕೆ ಹಾಕಿದ ವಿಷ ಕಾಲಿಗೆ ಮಾತ್ರ ಹೋಗೋದಿಲ್ಲ, ಎಲ್ಲ ಕಡೆ ಹೋಗುತ್ತೆ. ಮೂಳೆಯೊಳಗಿನ ಮಜ್ಜೆಗೂ ಹೋಗುತ್ತೆ, ಕರುಳಿಗೂ ಹೋಗುತ್ತೆ. ಆದ್ದರಿಂದ ಮಜ್ಜೆ ತಡೆದುಕೊಳ್ಳುವಷ್ಟೇ ಕೊಡಬಹುದು. ಆ ಪ್ರಮಾಣಕ್ಕೆ ಮೆಲನೋಮಾ ಜಗ್ಗೋದಿಲ್ಲ. ಜಗ್ಗುವಷ್ಟು ಕೊಟ್ಟರೆ ರೋಗಿಯೇ ಉಳಿಯೋದಿಲ್ಲ.

ಹಾಗಾದ್ರೆ ಕಾಲಿಗೆ ಮಾತ್ರ ಕೊಡೋಕಾಗುತ್ತಾ? ಕುಮಟಾದ ಅಘನಾಶಿನಿ ಬದಿಯ ಗಜನಿ ಗದ್ದೆ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತೆ. ಸಮುದ್ರದ ಭರತದ ನೀರು ಹೊಳೆಗೆ ನುಗ್ಗುತ್ತೆ. ಆದರೆ ಗದ್ದೆಗೆ ಕಟ್ಟೆ ಇದೆ, ಕಟ್ಟೆಗೆ ಬಾಗಿಲಿದೆ. ಬಾಗಿಲು ಹಾಕಿದರೆ ಹೊರಗಿನ ನೀರು ಒಳಗಿಲ್ಲ, ಒಳಗಿನ ನೀರು ಹೊರಗಿಲ್ಲ. ಒಂದು ಗದ್ದೆಯನ್ನ ಇಡೀ ಹೊಳೆಯಿಂದ ಬೇರೆ ಮಾಡಿ ಇಡಬಹುದು. ಕಾಲನ್ನೂ ಹಾಗೇ ಒಂದು ಗಂಟೆ ಮೈಯಿಂದ ಬೇರೆ ಮಾಡಿದರೆ? ಕತ್ತರಿಸಿ ಅಲ್ಲ, ಬರೀ ರಕ್ತದ ಹರಿವನ್ನ ಬೇರೆ ಮಾಡಿ?

1957ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ಊರಿನ ಟುಲೇನ್ ವಿಶ್ವವಿದ್ಯಾಲಯದಲ್ಲಿ ಆಸ್ಕರ್ ಕ್ರೀಚ್, ಎಡ್ವರ್ಡ್ ಕ್ರೆಮೆಂಟ್ಜ್ ಅನ್ನೋ ಸರ್ಜನ್‌ಗಳು ಇದನ್ನೇ ಮಾಡಿದರು. ಅದಕ್ಕೆ ನಾಲ್ಕೇ ವರ್ಷದ ಹಿಂದೆ, 1953ರಲ್ಲಿ, ಜಾನ್ ಗಿಬ್ಬನ್ ಹಾರ್ಟ್ ಲಂಗ್ ಮಷಿನ್ ಬಳಸಿ ಹೃದಯದ ಆಪರೇಷನ್ ಮಾಡಿ ಗೆದ್ದಿದ್ದರು. ಹೃದಯ ನಿಂತಾಗ ಇಡೀ ಮೈಗೆ ರಕ್ತ ಓಡಿಸುವ ಯಂತ್ರ ಅದು. ಇಡೀ ಮೈಗೆ ಓಡಿಸೋ ಯಂತ್ರ ಒಂದು ಕಾಲಿಗೆ ಓಡಿಸೋಲ್ವಾ ಅಂತ ಈ ಸರ್ಜನ್‌ಗಳು ಯೋಚಿಸಿದರು. ಮೊದಲ ರೋಗಿ 76 ವರ್ಷದ ಮುದುಕ. ಕಾಲಿನ ತುಂಬಾ ಗಂಟು. ಕಾಲು ತೆಗೆಸೋಕೆ ಆತ ಒಪ್ಪಲಿಲ್ಲ. ಆ ಮುದುಕನ ಕಾಲಿನ ಗಂಟುಗಳೆಲ್ಲ ಕರಗಿದವು. ಆತ 92ನೇ ವಯಸ್ಸಿನ ತನಕ ಬದುಕಿದ. ಎರಡೂ ಕಾಲಿನ ಮೇಲೆ!

ಅವರು ಬಳಸಿದ ಔಷಧಿಗೆ ಮೆಲ್ಫಲಾನ್ ಅಂತ ಹೆಸರು. ಅದರ ಹುಟ್ಟಿನ ಕಥೆ ಕೇಳಿದರೆ ಆಶ್ಚರ್ಯ ಆಗುತ್ತೆ. ಅದರ ಪೂರ್ವಜ ಯುದ್ಧದ ವಿಷಾನಿಲ, ಮಸ್ಟರ್ಡ್ ಗ್ಯಾಸ್. ಎರಡನೇ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಯೇಲ್ ವಿಶ್ವವಿದ್ಯಾಲಯದಲ್ಲಿ ಈ ವಿಷದ ಸೋದರನಂಥ ರಾಸಾಯನಿಕವನ್ನ ಗುಟ್ಟಾಗಿ ಒಬ್ಬ ಕ್ಯಾನ್ಸರ್ ರೋಗಿಗೆ ಕೊಟ್ಟು ನೋಡಿದರು. 1943ರ ಡಿಸೆಂಬರ್ 2ರಂದು ಇಟಲಿಯ ಬಾರಿ ಬಂದರಿನಲ್ಲಿ ಜರ್ಮನ್ ವಿಮಾನಗಳು ಬಾಂಬ್ ಹಾಕಿದಾಗ ಮಸ್ಟರ್ಡ್ ಗ್ಯಾಸ್ ತುಂಬಿದ್ದ ಅಮೆರಿಕದ ಹಡಗೊಂದು ನಾಶವಾಯ್ತು. ವಿಷ ತಗುಲಿದವರ ರಕ್ತದಲ್ಲಿ ಬಿಳಿ ಕಣಗಳು ಕುಸಿದಿದ್ದನ್ನ ಡಾಕ್ಟರುಗಳು ಗಮನಿಸಿದರು. ಬೇಗ ಬೇಗ ಹೆಚ್ಚುವ ಕೋಶವನ್ನ ಈ ವಿಷ ಕೊಲ್ಲುತ್ತೆ ಅಂತಾದರೆ, ಕ್ಯಾನ್ಸರ್ ಕೂಡ ಬೇಗ ಹೆಚ್ಚುವ ಕೋಶವೇ ತಾನೆ? ಮುಂದೆ ಆ ವಿಷವನ್ನ ಒಂದು ಅಮೈನೋ ಆಮ್ಲಕ್ಕೆ ಗಂಟು ಹಾಕಿ ಮೆಲ್ಫಲಾನ್ ಮಾಡಿದರು. ಮನುಷ್ಯನನ್ನ ಕೊಲ್ಲೋಕೆ ಹುಟ್ಟಿದ ವಿಷ ಮನುಷ್ಯನ ಕಾಲು ಉಳಿಸೋಕೆ ಬಂತು.

ಈಗ ಆಪರೇಷನ್ ಥಿಯೇಟರ್ ಒಳಗೆ ಏನಾಗುತ್ತೆ ಹೇಳ್ತೀನಿ ಕೇಳಿ. ರೋಗಿಗೆ ಪೂರ್ತಿ ಅರಿವಳಿಕೆ ಕೊಡ್ತಾರೆ. ತೊಡೆಸಂದಿನ ಹತ್ತಿರ ಕೊಯ್ದು ಕಾಲಿಗೆ ರಕ್ತ ತರುವ ದೊಡ್ಡ ನಾಳ, ವಾಪಸ್ ಒಯ್ಯುವ ದೊಡ್ಡ ನಾಳ, ಎರಡನ್ನೂ ಹೊರಗೆ ಕಾಣೋ ಹಾಗೆ ಮಾಡಿ, ಎರಡಕ್ಕೂ ಕೊಳವೆ ಹಾಕಿ ಯಂತ್ರಕ್ಕೆ ಜೋಡಿಸ್ತಾರೆ. ಕಾಲಿನ ಬುಡಕ್ಕೆ ಬಿಗಿಯಾಗಿ ಪಟ್ಟಿ ಕಟ್ಟುತ್ತಾರೆ. ಈಗ ಕಾಲಿನ ರಕ್ತ ಕಾಲಿನಲ್ಲೇ ಸುತ್ತುತ್ತೆ, ಯಂತ್ರದ ಮೂಲಕ. ಕಾಲು ಸ್ವಲ್ಪ ಬಿಸಿ ಆಗೋ ಹಾಗೆ, ಸುಮಾರು 38.5ರಿಂದ 40 ಡಿಗ್ರಿ ತನಕ, ರಕ್ತವನ್ನ ಕಾಯಿಸ್ತಾರೆ, ಯಾಕಂದ್ರೆ ಬಿಸಿಯಲ್ಲಿ ಔಷಧಿ ಹೆಚ್ಚು ಕೆಲಸ ಮಾಡುತ್ತೆ. ಆಮೇಲೆ ಮೆಲ್ಫಲಾನ್ ಬಿಡ್ತಾರೆ. ಕಾಲಿನ ಗಾತ್ರ ಎಷ್ಟು ಲೀಟರ್ ಅಂತ ಮೊದಲೇ ಅಳೆದು, ಲೀಟರಿಗೆ ಸುಮಾರು 10 ಮಿಲಿಗ್ರಾಂ ಲೆಕ್ಕದಲ್ಲಿ. ಇಡೀ ಮೈಗೆ ಕೊಡಬಹುದಾದ ಮಟ್ಟಕ್ಕಿಂತ ಹದಿನೈದು ಇಪ್ಪತ್ತು ಪಟ್ಟು ಗಟ್ಟಿಯಾದ ಔಷಧಿ ಅಲ್ಲಿ ಸುತ್ತುತ್ತೆ, ಒಂದರಿಂದ ಒಂದೂವರೆ ಗಂಟೆ.

ಕಟ್ಟೆ ಸೋರಿದರೆ? ಅದಕ್ಕೂ ಕಾವಲಿದೆ. ಕಾಲಿನ ರಕ್ತಕ್ಕೆ ಒಂದು ಚೂರು ವಿಕಿರಣ ವಸ್ತು ಬೆರೆಸಿ, ಎದೆಯ ಮೇಲೆ ಅದನ್ನ ಗುರುತಿಸುವ ಉಪಕರಣ ಇಡ್ತಾರೆ. ಎದೆಯಲ್ಲಿ ಅದು ಕಾಣಿಸಿಕೊಂಡರೆ ವಿಷ ಮೈಗೆ ಸೋರ್ತಿದೆ ಅಂತ ಅರ್ಥ, ತಕ್ಷಣ ಸರಿಪಡಿಸ್ತಾರೆ, ಆಗದಿದ್ದರೆ ನಿಲ್ಲಿಸ್ತಾರೆ. ಎಲ್ಲ ಮುಗಿದ ಮೇಲೆ ಕಾಲಿನ ನಾಳಗಳನ್ನ ತೊಳೆದು, ಕೊಳವೆ ತೆಗೆದು, ಕಾಲನ್ನ ಮತ್ತೆ ಮೈಯ ರಕ್ತಕ್ಕೆ ಸೇರಿಸ್ತಾರೆ.

1990ರ ದಶಕದಲ್ಲಿ ಸಿಡ್ನಿಯ ಮೆಲನೋಮಾ ಘಟಕದಲ್ಲಿ ಜಾನ್ ಥಾಮ್ಸನ್ ಇದನ್ನ ಇನ್ನೂ ಹಗುರ ಮಾಡಿದರು. ದೊಡ್ಡ ಕೊಯ್ತ ಬೇಡ. ಆಂಜಿಯೋಗ್ರಾಂಗೆ ಹಾಕ್ತಾರಲ್ಲ, ಅಂಥ ಸಣ್ಣ ಕೊಳವೆಗಳನ್ನ ಆಚೆ ಕಾಲಿನ ತೊಡೆಯಿಂದ ಈ ಕಾಲಿಗೆ ಸೇರಿಸಿ, ಪಟ್ಟಿ ಬಿಗಿದು, ಅರ್ಧ ಗಂಟೆ ಔಷಧಿ ಸುತ್ತಿಸೋದು. ದೊಡ್ಡ ಯಂತ್ರವೂ ಬೇಡ. ವಯಸ್ಸಾದವರಿಗೆ ಇದು ತಡೆಯುತ್ತೆ. ಬೇಕಾದ್ರೆ ಮತ್ತೊಮ್ಮೆ ಮಾಡಬಹುದು.

ಫಲಿತಾಂಶ ಏನು? ಮೊದಲ ವಿಧಾನದಲ್ಲಿ, ಸರಿಯಾಗಿ ಆರಿಸಿದ ರೋಗಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ಕಾಲಿನ ಗಂಟುಗಳು ಪೂರ್ತಿ ಮಾಯವಾಗಿವೆ. ಎರಡನೆಯದರಲ್ಲಿ ಮೂವರಲ್ಲಿ ಒಬ್ಬರಿಗೆ. ಇನ್ನೂ ಹಲವರಿಗೆ ಗಂಟು ಕುಗ್ಗುತ್ತೆ, ಗಾಯ ಸೋರೋದು ನಿಲ್ಲುತ್ತೆ. ಬಹುಪಾಲು ರೋಗಿಗಳ ಕಾಲು ಉಳಿಯುತ್ತೆ.

ಅಂದ್ರೆ ಜಾಲಿಯ ಪ್ರಶ್ನೆಗೆ ಮೊದಲ ಉತ್ತರ, ಹೌದು. ಬರೀ ಕಾಲಿಗೆ ಕೊಡುವ ಕಿಮೋ ಇದೆ. ಅದು ವಾಟ್ಸಾಪ್ ಕಥೆ ಅಲ್ಲ. ಅದಕ್ಕೆ ಅರವತ್ತು ವರ್ಷಕ್ಕೂ ಮೀರಿದ ಚರಿತ್ರೆ ಇದೆ.

ನಿಲ್ಲಿ, ಇಲ್ಲಿಗೇ ಚಪ್ಪಾಳೆ ಹೊಡೀಬೇಡಿ. ಇದು ಪವಾಡ ಅಲ್ಲ. ಚಿಕಿತ್ಸೆ ಆದ ಮೇಲೆ ಕಾಲು ಕೆಂಪಾಗುತ್ತೆ, ಊದುತ್ತೆ, ಕೆಲವರಿಗೆ ಬೊಬ್ಬೆ ಏಳುತ್ತೆ. ತೀರಾ ಅಪರೂಪಕ್ಕೆ ಒಳಗಿನ ಸ್ನಾಯು ಎಷ್ಟು ಕೆಡುತ್ತೆ ಅಂದ್ರೆ, ಯಾವ ಕಾಲು ಉಳಿಸೋಕೆ ಹೋದೆವೋ ಅದನ್ನೇ ತೆಗೀಬೇಕಾಗುತ್ತೆ. ಮಾಯವಾದ ಗಂಟು ಮತ್ತೆ ಬರಬಹುದು. ಎಲ್ಲಕ್ಕಿಂತ ಮುಖ್ಯ, ಕಾಲಿಗೆ ಕೊಟ್ಟ ಔಷಧಿ ಕಾಲಿಗೆ ಮಾತ್ರ. ಕಾಯಿಲೆ ಆಗಲೇ ಶ್ವಾಸಕೋಶಕ್ಕೋ ಪಿತ್ತಜನಕಾಂಗಕ್ಕೋ ಹೋಗಿದ್ದರೆ ಈ ಚಿಕಿತ್ಸೆ ಅದನ್ನ ಮುಟ್ಟೋದೂ ಇಲ್ಲ. ಗಂಟು ಏಳುವ ಮುಂಚೆಯೇ, ಬರದಿರಲಿ ಅಂತ ಇದನ್ನ ಮಾಡಿಬಿಟ್ಟರೆ ಹೇಗೆ ಅಂತಲೂ ನೋಡಿದರು. 832 ರೋಗಿಗಳ ಮೇಲೆ ನಡೆದ ದೊಡ್ಡ ಅಧ್ಯಯನ, 1998ರಲ್ಲಿ ಪ್ರಕಟವಾಯ್ತು. ಹಾಗೆ ಮುಂಗಡವಾಗಿ ಕೊಟ್ಟದ್ದರಿಂದ ಆಯಸ್ಸು ಹೆಚ್ಚಲಿಲ್ಲ. ಇದು ಕಾಲು ಉಳಿಸುವ ಚಿಕಿತ್ಸೆ. ಜೀವ ಉಳಿಸುತ್ತೆ ಅಂತ ಯಾರಾದರೂ ಮಾತು ಕೊಟ್ಟರೆ ಒಂದು ಹೆಜ್ಜೆ ಹಿಂದೆ ಸರಿಯಿರಿ.

ಇನ್ನೊಂದು ವಿಷಯ. ಇವತ್ತು ಮೆಲನೋಮಾಕ್ಕೆ ಮೊದಲು ಯೋಚಿಸೋದು ಇದನ್ನಲ್ಲ, ಇಮ್ಯುನೋಥೆರಪಿಯನ್ನ. ನಮ್ಮ ಮೈಯ ರಕ್ಷಣಾ ಪಡೆಯ ಕೈ ಕಟ್ಟಿಹಾಕಿರುವ ಹಗ್ಗವನ್ನ ಬಿಚ್ಚುವ ಔಷಧಿ. ಈ ದಾರಿ ತೋರಿಸಿದ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂತು. ಇದು ಕಾಲಿಗಷ್ಟೇ ಅಲ್ಲ, ಇಡೀ ಮೈಗೆ ಕೆಲಸ ಮಾಡುತ್ತೆ. ಆದರೆ ಅಂಗಾಲಿನ ಮೆಲನೋಮಾ ಇದಕ್ಕೆ ಬಿಸಿಲಿನ ಮೆಲನೋಮಾದಷ್ಟು ಚೆನ್ನಾಗಿ ಬಗ್ಗೋದಿಲ್ಲ. ಜೊತೆಗೆ ಬೆಲೆ. ಪೂರ್ತಿ ಡೋಸ್ ಒಂದೊಂದೂ ತುಂಬಾ ದುಬಾರಿ. ಅದನ್ನ ಮತ್ತೆ ಮತ್ತೆ, ತಿಂಗಳುಗಟ್ಟಲೆ ಕೊಡಬೇಕು. ದೋಣಿಯ ದುಡಿಮೆಗೆ ಎಟುಕುವ ಲೆಕ್ಕವಾ ಅದು?

ಮುಂಬೈನ ಟಾಟಾ ಮೆಮೋರಿಯಲ್ ಡಾಕ್ಟರುಗಳು ಈ ಬೆಲೆಯ ಗೋಡೆಗೆ ಒಂದು ಕಿಂಡಿ ಕೊರೆದಿದ್ದಾರೆ. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್‌ನಲ್ಲಿ ಮಾಮೂಲಿ ಡೋಸಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ಇಮ್ಯುನೋಥೆರಪಿ ಕೊಟ್ಟು ಪರೀಕ್ಷಿಸಿದರು. ಒಂದು ವರ್ಷದ ನಂತರ ಬದುಕಿದ್ದವರು ಸುಮಾರು 16 ಶೇಕಡದಿಂದ 43 ಶೇಕಡಕ್ಕೆ ಏರಿದರು. 2022ರಲ್ಲಿ ಇದು ಪ್ರಕಟವಾಯ್ತು. ಅದು ಬೇರೆ ಕ್ಯಾನ್ಸರ್, ಮೆಲನೋಮಾಕ್ಕೆ ನೇರವಾಗಿ ಹಚ್ಚೋಕೆ ಬರೋಲ್ಲ. ಆದರೆ ನಮ್ಮ ಬಡವರ ಲೆಕ್ಕಕ್ಕೆ ನಮ್ಮ ಡಾಕ್ಟರುಗಳೇ ಸಂಶೋಧನೆ ಮಾಡಬಲ್ಲರು ಅನ್ನೋಕೆ ಇದು ಸಾಕ್ಷಿ.

ಇನ್ನೊಂದು ಬಾಗಿಲೂ ಇದೆ. ಅಂಗಾಲಿನ ಮೆಲನೋಮಾ ಇರುವ ಕೆಲವರಲ್ಲಿ ಕಿಟ್ ಅನ್ನೋ ಜೀನ್ ಕೆಟ್ಟಿರುತ್ತೆ. ಹಾಗಿದ್ದರೆ ಇಮಾಟಿನಿಬ್ ಅನ್ನೋ ಮಾತ್ರೆ ಕೆಲವರಿಗೆ ಕೆಲಸ ಮಾಡುತ್ತೆ. ರಕ್ತದ ಕ್ಯಾನ್ಸರ್‌ಗೆ ಕೊಡುವ ಅದೇ ಮಾತ್ರೆ. 2013ರ ಏಪ್ರಿಲ್ 1ರಂದು ಇದರ ಪೇಟೆಂಟ್ ವಿಷಯದಲ್ಲಿ ನೊವಾರ್ಟಿಸ್ ಕಂಪನಿಯ ಅರ್ಜಿಯನ್ನ ಸುಪ್ರೀಂ ಕೋರ್ಟ್ ತಳ್ಳಿಹಾಕಿತು, ನೆನಪಿದೆಯಾ? ಅದರಿಂದ ನಮ್ಮ ದೇಶದ ಕಂಪನಿಗಳು ಇದನ್ನ ಕಡಿಮೆ ಬೆಲೆಗೆ ಮಾಡುವ ದಾರಿ ಮುಚ್ಚಲಿಲ್ಲ. ಅಂಗಾಲಿನ ಮೆಲನೋಮಾ ಅಂತಾದರೆ ಜೀನ್ ಪರೀಕ್ಷೆ ಬೇಕಾ ಅಂತ ಕೇಳಲೇಬೇಕು.

ಕಾಲಿನ ಕಟ್ಟೆಯ ವಿದ್ಯೆಯೂ ನಿಂತ ನೀರಲ್ಲ. ಕಣ್ಣೊಳಗೆ ಹುಟ್ಟುವ ಮೆಲನೋಮಾ ಪಿತ್ತಜನಕಾಂಗಕ್ಕೆ ಹೋಗಿ ಕೂರುತ್ತೆ. ಅಂಥವರಿಗೆ ಪಿತ್ತಜನಕಾಂಗವನ್ನ ಬಲೂನುಗಳಿಂದ ಬೇರೆ ಮಾಡಿ, ಅದೇ ಮೆಲ್ಫಲಾನ್ ಬಿಟ್ಟು, ಹೊರಬರುವ ರಕ್ತವನ್ನ ಸೋಸಿ ವಾಪಸ್ ಮೈಗೆ ಸೇರಿಸುವ ವ್ಯವಸ್ಥೆಗೆ 2023ರ ಆಗಸ್ಟ್‌ನಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಎಪ್ಪತ್ತು ವರ್ಷ ಹಳೆಯ ಔಷಧಿ, ಹೊಸ ದಾರಿ.

ಒಂದು ಮಾತು ಗಮನಿಸಿ. ಮೆಲ್ಫಲಾನ್ ನಮ್ಮ ದೇಶದ ಕಂಪನಿಗಳೇ ಮಾಡುವ ಔಷಧಿ. ಅದು ಅಪರೂಪದ್ದಲ್ಲ. ಅಪರೂಪ ಯಾವುದು ಅಂದ್ರೆ ತಂಡ. ಕ್ಯಾನ್ಸರ್ ಸರ್ಜನ್, ಯಂತ್ರ ನಡೆಸುವವರು, ಅರಿವಳಿಕೆ ತಜ್ಞರು, ವಿಕಿರಣದ ಸೋರಿಕೆ ನೋಡುವವರು, ಇಷ್ಟೂ ಜನ ಒಂದೇ ಸೂರಿನಡಿ ಬೇಕು. ಇದನ್ನ ಮಾಡಿ ಮಾಡಿ ಕೈ ಪಳಗಿರಬೇಕು. ಜಗತ್ತಿನಲ್ಲೇ ಇಂಥ ಕೇಂದ್ರಗಳು ಕೆಲವೇ ಕೆಲವು. ಜಿಲ್ಲೆಗೊಂದು ಬೇಕು ಅಂತ ಕೇಳೋಕಾಗೋಲ್ಲ, ಕೇಳೋದು ಸರಿಯೂ ಅಲ್ಲ. ವರ್ಷಕ್ಕೊಬ್ಬ ರೋಗಿ ಬರುವ ಕಡೆ ಇದನ್ನ ಮಾಡಿದರೆ ಅನಾಹುತ ಆಗುತ್ತೆ.

ಹಾಗಾದ್ರೆ ಏನು ಕೇಳಬೇಕು? ಇಲ್ಲಿಗೆ ಬಂತು ನೋಡಿ ನಮ್ಮ ಉತ್ತರ ಕನ್ನಡದ ಕಥೆ.

ಜಾಲಿಯಿಂದ ಜಿಲ್ಲಾ ಕೇಂದ್ರ ಕಾರವಾರ ಉತ್ತರಕ್ಕೆ ನೂರಿಪ್ಪತ್ತು ಕಿಲೋಮೀಟರ್ ಮೇಲೆ. ಮಣಿಪಾಲ ದಕ್ಷಿಣಕ್ಕೆ ತೊಂಬತ್ತರ ಆಸುಪಾಸು. ತಮ್ಮ ಜಿಲ್ಲಾ ಆಸ್ಪತ್ರೆಗಿಂತ ಪಕ್ಕದ ಜಿಲ್ಲೆಯ ಆಸ್ಪತ್ರೆ ಹತ್ತಿರ! 2019ರಲ್ಲಿ ಈ ಜಿಲ್ಲೆಯ ಹುಡುಗ ಹುಡುಗಿಯರು "ನಮಗೆ ತುರ್ತು ಆಸ್ಪತ್ರೆ ಬೇಕು" ಅಂತ ಸೋಷಿಯಲ್ ಮೀಡಿಯಾದಲ್ಲಿ ಕೂಗಿದರು. 2022ರ ಜುಲೈ 20ರಂದು ಹೊನ್ನಾವರದಿಂದ ಕುಂದಾಪುರದ ಕಡೆ ರೋಗಿಯನ್ನ ಕರೆದೊಯ್ತಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್ ಗೇಟ್‌ನಲ್ಲಿ ಮಳೆಯಲ್ಲಿ ಜಾರಿ ಮಗುಚಿತು. ನಾಲ್ವರು ಹೋದರು. ಆ ವಿಡಿಯೋ ನೀವೆಲ್ಲ ನೋಡಿದ್ದೀರಿ. ಆಸ್ಪತ್ರೆ ಇಲ್ಲದಿದ್ದರೆ ವೋಟೂ ಇಲ್ಲ ಅಂತ ಜನ ಸಿಟ್ಟಾದರು. ಭರವಸೆಗಳು ಬಂದವು. ಆಸ್ಪತ್ರೆ ಎಲ್ಲಿ ಕಟ್ಟಬೇಕು ಅಂತ ಊರೂರಿನ ಜಗಳವೂ ಬಂತು.

ಆ ಕೂಗು ನ್ಯಾಯದ್ದು, ಅದು ನಿಲ್ಲಬಾರದು. ಆದರೆ ಅಪಘಾತಕ್ಕೆ ಬೇಕಾದದ್ದು ಬೇರೆ, ಕ್ಯಾನ್ಸರ್‌ಗೆ ಬೇಕಾದದ್ದು ಬೇರೆ. ಅಪಘಾತದಲ್ಲಿ ನಿಮಿಷಗಳು ಹೋಗ್ತವೆ. ಅಂಗಾಲಿನ ಕ್ಯಾನ್ಸರ್‌ನಲ್ಲಿ ತಿಂಗಳುಗಳು ಹೋಗ್ತವೆ, ವರ್ಷಗಳು ಹೋಗ್ತವೆ. ಆ ವರ್ಷಗಳನ್ನ ಉಳಿಸೋಕೆ ನೂರಾರು ಕೋಟಿಯ ಕಟ್ಟಡ ಬೇಕಾಗಿಲ್ಲ. ಒಂದು ಜೊತೆ ಕಣ್ಣು ಸಾಕು.

ಯಾರ ಕಣ್ಣು? ಕುಷ್ಠರೋಗ ಪತ್ತೆ ಆಂದೋಲನ ಅಂತ ನಡೆಯುತ್ತೆ. ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು ಮೈಮೇಲೆ ಮಚ್ಚೆ ಇದೆಯಾ, ಸ್ಪರ್ಶ ಇಲ್ಲದ ಜಾಗ ಇದೆಯಾ ಅಂತ ಕೇಳ್ತಾರೆ. ಚರ್ಮ ನೋಡೋಕೆ ಅವರು ಬಂದೇ ಬರ್ತಾರೆ! ಸಕ್ಕರೆ ಕಾಯಿಲೆಯವರ ಪಾದ ನೋಡಬೇಕು ಅಂತಲೂ ವೈದ್ಯಕೀಯ ನಿಯಮ ಇದೆ. ಸರ್ಕಾರದ ಕ್ಯಾನ್ಸರ್ ತಪಾಸಣೆ ಕಾರ್ಯಕ್ರಮದಲ್ಲಿ ಬಾಯಿ, ಸ್ತನ, ಗರ್ಭಕಂಠ ಈ ಮೂರು ಇವೆ. ಚರ್ಮ ಇಲ್ಲ. ಅಪರೂಪದ ಕಾಯಿಲೆಗೆ ಹೊಸ ಕಾರ್ಯಕ್ರಮ ಮಾಡಿ ಅಂತ ನಾನು ಹೇಳೋಲ್ಲ. ಆಗಲೇ ಮನೆಗೆ ಬರ್ತಿರುವ ಆಶಾ ಅಕ್ಕನಿಗೆ ಅಂಗಾಲಿನ ನಾಲ್ಕು ಫೋಟೋ ತೋರಿಸಿ ಅರ್ಧ ದಿನದ ತರಬೇತಿ ಕೊಡಿ. ತಾಲೂಕು ಆಸ್ಪತ್ರೆಯಲ್ಲಿ ಆ ಕಪ್ಪು ಮಚ್ಚೆಯ ಚೂರು ತೆಗೆದು ಬಯಾಪ್ಸಿಗೆ ಕಳಿಸುವ, ಎರಡು ವಾರದೊಳಗೆ ರಿಪೋರ್ಟ್ ತರಿಸುವ ವ್ಯವಸ್ಥೆ ಮಾಡಿ. ಇಷ್ಟು ಸಾಕು. ಶುರುವಿನಲ್ಲಿ, ತೆಳ್ಳಗಿದ್ದಾಗ ಸಿಕ್ಕರೆ, ಸುತ್ತಲಿನ ಒಂದೆರಡು ಸೆಂಟಿಮೀಟರ್ ಚರ್ಮದ ಜೊತೆ ತೆಗೆದರೆ ಬಹುಪಾಲು ಜನಕ್ಕೆ ಕಾಯಿಲೆ ಅಲ್ಲಿಗೇ ಮುಗಿಯುತ್ತೆ. ಯಂತ್ರವೂ ಬೇಡ, ಮೆಲ್ಫಲಾನೂ ಬೇಡ, ದುಬಾರಿ ಇಂಜೆಕ್ಷನ್ನೂ ಬೇಡ.

2025ರ ಕೇಂದ್ರ ಬಜೆಟ್‌ನಲ್ಲಿ ಮೂರು ವರ್ಷದೊಳಗೆ ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕ್ಯಾನ್ಸರ್ ಕೇಂದ್ರ ಮಾಡ್ತೀವಿ, ಮೊದಲ ವರ್ಷ 200 ಅಂತ ಹೇಳಿದರು. ಒಳ್ಳೇದು. ಬೆಳಿಗ್ಗೆ ಬಂದು ಕಿಮೋ ತಗೊಂಡು ಸಂಜೆ ಮನೆಗೆ ಹೋಗುವ ವ್ಯವಸ್ಥೆ. ಕರಾವಳಿಯ ಶಾಸಕರೇ, ಸಂಸದರೇ, ನಿಮ್ಮ ಜಿಲ್ಲೆಯ ಕೇಂದ್ರದ ಲೆಕ್ಕವನ್ನ ಜನರ ಮುಂದೆ ಇಡಿ. ಎಷ್ಟು ಹಾಸಿಗೆ, ಎಷ್ಟು ಡಾಕ್ಟರ್, ಎಷ್ಟು ರೋಗಿ? ಉದ್ಘಾಟನೆಯ ಫೋಟೋ ಬೇಡ, ಈ ಮೂರು ಸಂಖ್ಯೆ ಸಾಕು.

ಈಗ, ಆಗಲೇ ತಡವಾಗಿದೆ, ಮನೆಯಲ್ಲಿ ಇಂಥ ರೋಗಿ ಇದ್ದಾರೆ ಅನ್ನುವವರಿಗೆ. ಕಾಲು ತೆಗೀಬೇಕು ಅಂತ ಡಾಕ್ಟರ್ ಹೇಳಿದ ತಕ್ಷಣ ಅವರ ಮೇಲೆ ಸಿಟ್ಟಾಗಬೇಡಿ. ಕೆಲವು ಸಲ ಅದೇ ಸರಿಯಾದ ದಾರಿಯೂ ಆಗಿರುತ್ತೆ. ಓಡಿಹೋಗಿ ನಾಟಿ ಔಷಧಿಗೂ ಬೀಳಬೇಡಿ. ನಾಲ್ಕು ಪ್ರಶ್ನೆ ಕೇಳಿ. ಒಂದು, ಕಾಯಿಲೆ ಕಾಲಿನಲ್ಲಿ ಮಾತ್ರ ಇದೆಯಾ, ಬೇರೆ ಕಡೆ ಹೋಗಿದೆಯಾ, ಅದಕ್ಕೆ ಸ್ಕ್ಯಾನ್ ಆಗಿದೆಯಾ? ಎರಡು, ಜೀನ್ ಪರೀಕ್ಷೆ ಬೇಕಾ? ಮೂರು, ಇಮ್ಯುನೋಥೆರಪಿಗೆ ನಾವು ಅರ್ಹರಾ, ಖರ್ಚು ಎಷ್ಟು? ನಾಲ್ಕು, ಕಾಲಿಗೆ ಮಾತ್ರ ಕೊಡುವ ಕಿಮೋ ನಮ್ಮ ಕೇಸಿಗೆ ಹೊಂದುತ್ತಾ, ಬೇರೆ ಬೇರೆ ವಿಭಾಗದ ಡಾಕ್ಟರುಗಳು ಒಟ್ಟಿಗೆ ಕೂತು ಇದನ್ನ ನೋಡಿದ್ದಾರಾ? ಈ ಪ್ರಶ್ನೆ ಕೇಳೋದು ಅಹಂಕಾರ ಅಲ್ಲ. ಒಳ್ಳೆಯ ಡಾಕ್ಟರ್ ಬೇಜಾರು ಮಾಡ್ಕೊಳ್ಳೋದಿಲ್ಲ.

ಎಲ್ಲಿ ಹೋಗೋದು? ಬೆಂಗಳೂರಿನಲ್ಲಿ 1973ರಲ್ಲಿ ಶುರುವಾದ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆ ಇದೆ. ಮುಂಬೈನಲ್ಲಿ 1941ರಿಂದ ಟಾಟಾ ಮೆಮೋರಿಯಲ್ ಇದೆ. ಹತ್ತಿರಕ್ಕೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿಯಲ್ಲಿ ಕ್ಯಾನ್ಸರ್ ಆಸ್ಪತ್ರೆಗಳಿವೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಚಿಕಿತ್ಸೆ ಸಿಗುತ್ತೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕಾ ಅಂತ ಊರು ಬಿಡುವ ಮುಂಚೆಯೇ ಕೇಳ್ಕೊಳ್ಳಿ, ಅಲ್ಲಿ ಹೋಗಿ ಕೌಂಟರ್ ಮುಂದೆ ಅಳೋದು ಬೇಡ. ಭಟ್ಕಳ ಸ್ಟೇಷನ್ನಿನಲ್ಲಿ ಮುಂಬೈಗೆ ಮತ್ಸ್ಯಗಂಧಾ ನಿಲ್ಲುತ್ತೆ, ಬೆಂಗಳೂರಿಗೆ ಪಂಚಗಂಗಾ ನಿಲ್ಲುತ್ತೆ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್‌ನಲ್ಲೂ ಥರ್ಡ್ ಎಸಿಯಲ್ಲೂ ರೈಲ್ವೆ ಪೂರ್ತಿ ರಿಯಾಯಿತಿ ಕೊಡುತ್ತೆ, ಜೊತೆಗೆ ಹೋಗುವ ಒಬ್ಬರಿಗೆ ಮುಕ್ಕಾಲು ಪಾಲು. ಆಸ್ಪತ್ರೆಯ ಸರ್ಟಿಫಿಕೇಟ್ ಬೇಕು. ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

ಕೊನೆಗೆ ಎಲ್ಲರಿಗೂ. ಅಂಗಾಲಿನಲ್ಲಿ, ಅಂಗೈಯಲ್ಲಿ ಹೊಸದಾಗಿ ಎದ್ದ ಕಪ್ಪು ಅಥವಾ ಕಂದು ಮಚ್ಚೆ, ದೊಡ್ಡದಾಗ್ತಿದೆ, ಅಂಚು ಸಮ ಇಲ್ಲ, ಒಂದೇ ಬಣ್ಣ ಇಲ್ಲ, ಆರು ಮಿಲಿಮೀಟರ್ ಅಂದ್ರೆ ಪೆನ್ಸಿಲ್ಲಿನ ಹಿಂಬದಿಗಿಂತ ಅಗಲ ಇದೆ, ರಕ್ತ ಬರ್ತಿದೆ, ಅಥವಾ ಒಂದು ತಿಂಗಳಾದರೂ ಮಾಯದ ಗಾಯ, ಯಾವುದೇ ಇರಲಿ, ತೋರಿಸಿ. ಒಂದೇ ಉಗುರಿನಲ್ಲಿ ಕಪ್ಪು ಗೆರೆ ಅಗಲವಾಗ್ತಾ ಉಗುರಿನ ಬುಡದ ಚರ್ಮಕ್ಕೂ ಹರಡಿದರೆ ಕಾಯಲೇಬೇಡಿ. ಬಹಳಷ್ಟು ಸಲ ಅದು ಏನೂ ಆಗಿರೋದಿಲ್ಲ. ಏನೂ ಅಲ್ಲ ಅಂತ ಡಾಕ್ಟರ್ ಬಾಯಿಂದ ಕೇಳಿಸ್ಕೊಳ್ಳಿ, ನೀವೇ ತೀರ್ಮಾನ ಮಾಡಬೇಡಿ. ಬ್ಲೇಡ್ ಹಾಕಬೇಡಿ, ಸುಡಬೇಡಿ.

ಹಿರಿಯರಿಗೆ ಬಗ್ಗಿ ಅಂಗಾಲು ನೋಡ್ಕೊಳ್ಳೋಕೆ ಆಗೋದಿಲ್ಲ, ಕಣ್ಣೂ ಮಂಜು. ಅವರ ಪರವಾಗಿ ನೀವೇ ನೋಡಬೇಕು. ಹಬ್ಬದ ದಿನ ಕಾಲಿಗೆ ಬಿದ್ದು ಆಶೀರ್ವಾದ ತಗೊಳ್ಳುವ ಮಕ್ಕಳು ನಾವು. ಇವತ್ತು ರಾತ್ರಿ ಟಿವಿ ಆಫ್ ಮಾಡಿದ ಮೇಲೆ ಅಪ್ಪನ, ಅಮ್ಮನ ಕಾಲನ್ನ ತೊಡೆಯ ಮೇಲೆ ಇಟ್ಕೊಂಡು, ದೀಪ ಹಾಕಿ, ಅಂಗಾಲನ್ನ ಒಂದು ಸಲ ಸರಿಯಾಗಿ ನೋಡಿ. ಬೆರಳ ಸಂದಿಯನ್ನೂ ನೋಡಿ. ಎರಡು ನಿಮಿಷದ ಕೆಲಸ.

ನೋಡ್ತೀರಲ್ಲ?